ರೈನ್ ದಂಡೆಯಲ್ಲಿ ಒಂದು ತೊಗಲು, ಒಂದು ಹಲ್ಲು

ಜರ್ಮನಿಯಲ್ಲಿ ರೈನ್ ನದಿಯ ಗುಂಟ ಪ್ರವಾಸ ಹೋಗುವವರು ಕೋಟೆ ನೋಡುತ್ತಾರೆ. ನಾನು ಹೋಗಿದ್ದು ಎಂದೋ ಸತ್ತ ಎರಡು ಪ್ರಾಣಿಗಳನ್ನು ನೋಡಲು. ದನ, ಕುದುರೆ, ನಾಯಿ ಮನುಷ್ಯರ ಜೊತೆ ಯಾವಾಗ ಸೇರಿದವು, ಎಲ್ಲಿಂದ ಬಂದವು ಎಂದು ಹಳೆಯ ಡಿಎನ್‌ಎ ಓದಿ ಹುಡುಕುವ ಕೆಲಸವಿದೆಯಲ್ಲ, ಅದಕ್ಕೂ ಮೈಂಜ್, ಬಾನ್ ಎಂಬ ಈ ಎರಡು ಊರುಗಳಿಗೂ ಗಟ್ಟಿ ನಂಟಿದೆ.

ಮೊದಲು ಮೈಂಜ್. ಇಲ್ಲಿನ ನಿಸರ್ಗ ಇತಿಹಾಸ ಮ್ಯೂಸಿಯಂ ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿದೆ. ನಾನು ನೇರವಾಗಿ ಕ್ವಾಗಾ ಇರುವ ಕಡೆ ನಡೆದೆ. ಕ್ವಾಗಾ ದಕ್ಷಿಣ ಆಫ್ರಿಕಾದ ಪ್ರಾಣಿ. ತಲೆ, ಕತ್ತಿನ ಮೇಲೆ ಜೀಬ್ರಾದಂಥ ಪಟ್ಟೆ, ಹಿಂದಕ್ಕೆ ಹೋದಂತೆ ಪಟ್ಟೆ ಮಾಸಿ ಬರೀ ಕಂದು. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೃಗಾಲಯದಲ್ಲಿ ಸತ್ತಿತು. ಇಲ್ಲಿನ ತೊಗಲಿಗೆ ಅಂಟಿಕೊಂಡಿದ್ದ ಒಣ ಮಾಂಸದ ಚೂರಿನಿಂದ ಅಮೆರಿಕದ ಬರ್ಕ್ಲಿಯಲ್ಲಿ ಅಲನ್ ವಿಲ್ಸನ್ ಅವರ ತಂಡ 1984ರಲ್ಲಿ ಡಿಎನ್‌ಎಯ 229 ಅಕ್ಷರ ಓದಿತು (ಡಿಎನ್‌ಎ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳ ಸಾಲು). ನಿರ್ನಾಮವಾದ ಪ್ರಾಣಿಯೊಂದರ ಡಿಎನ್‌ಎ ಓದಿದ್ದು ಅದೇ ಮೊದಲು. ಕ್ವಾಗಾ ಜೀಬ್ರಾಗಳ ಹತ್ತಿರದ ನೆಂಟ ಎಂದು ಅದರಿಂದ ಗೊತ್ತಾಯಿತು. ತೊಗಲು ಸುಲಿದವರು ಒಳಗಿನ ಮಾಂಸವನ್ನು ಪೂರ್ತಿ ಕೆರೆದು ತೆಗೆದಿದ್ದರೆ ಈ ಕಥೆಯೇ ಇಲ್ಲ. ಅದನ್ನು ಯೋಚಿಸುತ್ತಾ ಗಾಜಿನ ಮುಂದೆ ತುಂಬಾ ಹೊತ್ತು ನಿಂತೆ.

ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಹಳೆಯ ಡಿಎನ್‌ಎ ಓದುವ ತಂಡವಿದೆ. ಇಂಥ ಪ್ರಯೋಗಾಲಯಗಳ ಒಳಗೆ ಸುಮ್ನೆ ನೋಡಲು ಬಂದವರನ್ನು ಬಿಡುವುದಿಲ್ಲ, ಬಿಡಲೂಬಾರದು. ಸಾವಿರಾರು ವರ್ಷ ಮಣ್ಣಲ್ಲಿದ್ದ ಎಲುಬಿನಲ್ಲಿ ಉಳಿಯುವುದು ನೂರು ಅಕ್ಷರವೂ ದಾಟದ ಡಿಎನ್‌ಎ ತುಣುಕುಗಳು. ನಮ್ಮ ಚರ್ಮದ ಒಂದು ಹೊಟ್ಟು ಬಿದ್ದರೂ ಅದರ ಡಿಎನ್‌ಎಯೇ ಜಾಸ್ತಿಯಾಗಿ ಹಳೆಯದು ಮುಳುಗಿಹೋಗುತ್ತದೆ. ಅದಕ್ಕೇ ಮೈತುಂಬ ಸೂಟು, ಮುಖವಾಡ, ಎರಡೆರಡು ಜೊತೆ ಗ್ಲೌಸ್. ತುಣುಕುಗಳ ತುದಿಯಲ್ಲಿ ಸಿ ಎಂಬ ಅಕ್ಷರ ಕೆಟ್ಟು ಟಿ ಎಂದು ಓದಿಸಿಕೊಳ್ಳುತ್ತದೆ. ಹೀಗೆ ಕೆಟ್ಟಿರುವುದೇ ಅದು ನಿಜವಾಗಿ ಹಳೆಯದು ಎನ್ನುವುದಕ್ಕೆ ಒಳ್ಳೆಯ ಗುರುತು. ಒಳಕಿವಿಯನ್ನು ಸುತ್ತುವರಿದ ಎಲುಬು ತುಂಬಾ ಗಟ್ಟಿ. ಡಿಎನ್‌ಎ ಚೆನ್ನಾಗಿ ಉಳಿಯುವುದು ಅಲ್ಲೇ. ಆದರೆ ಓದಬೇಕೆಂದರೆ ಅದರಲ್ಲಿ ಸ್ವಲ್ಪವನ್ನು ಕೊರೆದು ಪುಡಿ ಮಾಡಲೇಬೇಕು. ಆ ಪುಡಿ ಮತ್ತೆ ಎಲುಬಾಗುವುದಿಲ್ಲ. ಹಾಗಾಗಿ ಕೊರೆಯುವ ಮುಂಚೆ ಎಷ್ಟು ಯೋಚಿಸಿದರೂ ಕಡಿಮೆಯೇ.

ಮೈಂಜ್‌ನ ತಂಡ ಇತರರ ಜೊತೆ ಸೇರಿ ಇರಾನಿನ ಹಳೆಯ ದನದ ಎಲುಬುಗಳನ್ನು ಓದಿ 2012ರಲ್ಲಿ ಒಂದು ಲೆಕ್ಕ ಕೊಟ್ಟಿತು. ಡುಬ್ಬವಿಲ್ಲದ ಇಂದಿನ ದನಗಳ ಮೂಲ ಹಿಂಡಿನಲ್ಲಿ ಇದ್ದದ್ದು ಸುಮಾರು 80 ಹೆಣ್ಣು ಕಾಡುದನಗಳು! ಅಷ್ಟು ಚಿಕ್ಕ ಹಿಂಡಿನಿಂದ ಇಷ್ಟು ದೊಡ್ಡ ಸಂಸಾರ. ಡುಬ್ಬದ ದನಗಳ ಬೇರು ಬೇರೆ, ಅದು ಸಿಂಧೂ ಕಣಿವೆಯ ಕಡೆಯದು. ಸುಮಾರು 4,200 ವರ್ಷಗಳ ಹಿಂದೆ, ದೊಡ್ಡ ಬರಗಾಲ ಬಿದ್ದ ಕಾಲಕ್ಕೆ, ಡುಬ್ಬದ ಹೋರಿಗಳ ರಕ್ತ ಪಶ್ಚಿಮ ಏಷ್ಯಾದ ಹಿಂಡುಗಳಲ್ಲಿ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಬಿಸಿಲು ತಡೆಯುವ ತಳಿ ಬೇಕೆಂದು ಜನ ಹೋರಿಗಳನ್ನು ತರಿಸಿಕೊಂಡಿರಬೇಕು ಎಂದು ಸಂಶೋಧಕರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಮೈಂಜ್‌ನಿಂದ ಬಾನ್‌ಗೆ ರೈಲು ನದಿಯ ಎಡದಂಡೆಯಲ್ಲೇ ಹೋಗುತ್ತದೆ. ಬಿಂಗೆನ್ ದಾಟಿದ ಮೇಲೆ ಕಣಿವೆ ಇಕ್ಕಟ್ಟಾಗುತ್ತದೆ. ದ್ರಾಕ್ಷಿ ತೋಟ, ಲೊರೆಲೈ ಬಂಡೆ, ಸಾಲು ಕೋಟೆಗಳು. ಚೆಂದವೇ, ಆದರೆ ನನ್ನ ತಲೆಯಲ್ಲಿ ಕುದುರೆಗಳು ಓಡುತ್ತಿದ್ದವು. ಕಜಕಿಸ್ತಾನದ ಬೊಟಾಯ್‌ನಲ್ಲಿ 5,500 ವರ್ಷಗಳ ಹಿಂದೆಯೇ ಜನ ಕುದುರೆ ಸಾಕುತ್ತಿದ್ದರು, ಇಂದಿನ ಕುದುರೆಗಳೆಲ್ಲ ಅವುಗಳ ಸಂತತಿಯೇ ಇರಬೇಕು ಎಂಬ ನಂಬಿಕೆಯಿತ್ತು. 2018ರಲ್ಲಿ ಡಿಎನ್‌ಎ ಅದನ್ನು ಕೆಡವಿತು. ಬೊಟಾಯ್ ಕುದುರೆಗಳ ವಂಶ ಇಂದು ಉಳಿದಿರುವುದು ಮಂಗೋಲಿಯಾದ ಪ್ರಜ್ವಾಲ್ಸ್‌ಕಿ ಕುದುರೆಯಲ್ಲಿ. 2021ರಲ್ಲಿ 273 ಹಳೆಯ ಕುದುರೆಗಳ ಜೀನೋಮ್, ಅಂದರೆ ಇಡೀ ಡಿಎನ್‌ಎ, ಹೋಲಿಸಿದಾಗ ನಮ್ಮ ಕುದುರೆಯ ತವರು ಸಿಕ್ಕಿತು. ಅದು ವೋಲ್ಗಾ, ಡಾನ್ ನದಿಗಳ ಕೆಳಭಾಗದ ಹುಲ್ಲುಗಾವಲು. ಅಲ್ಲಿಂದ ಹೊರಟ ತಳಿ ಕೆಲವೇ ಶತಮಾನಗಳಲ್ಲಿ ಯುರೋಪು, ಏಷ್ಯಾದ ಉಳಿದ ಕುದುರೆಗಳನ್ನು ಬದಿಗೆ ಸರಿಸಿಬಿಟ್ಟಿತು. ಗಟ್ಟಿ ಬೆನ್ನು, ಸಾಧು ಸ್ವಭಾವಕ್ಕೆ ಸಂಬಂಧಪಟ್ಟ ಎರಡು ಜೀನ್‌ಗಳು ಅವುಗಳಲ್ಲಿ ಎದ್ದು ಕಾಣುತ್ತವೆ. ಸವಾರನಿಗೆ ಬೇಕಾದದ್ದು ಅವೇ ಅಲ್ವಾ?

ಬಾನ್‌ನ ಲಾಂಡೆಸ್ ಮ್ಯೂಸಿಯಂ ರೈಲು ನಿಲ್ದಾಣಕ್ಕೆ ಹತ್ತಿರ. ನಾನು ನೋಡಬೇಕಿದ್ದ ನಾಯಿ ಇಲ್ಲಿಯದು. 1914ರ ಫೆಬ್ರವರಿಯಲ್ಲಿ ನದಿಯಾಚೆಯ ಓಬರ್‌ಕಾಸೆಲ್‌ನ ಕಲ್ಲು ಕ್ವಾರಿಯಲ್ಲಿ ಕೆಲಸಗಾರರಿಗೆ ಒಂದು ಸಮಾಧಿ ಸಿಕ್ಕಿತು. ಗಂಡಸು, ಹೆಂಗಸು, ಮೇಲೆ ಬಸಾಲ್ಟ್ ಚಪ್ಪಡಿ, ಸುತ್ತ ಕೆಂಪು ಬಣ್ಣದ ಪುಡಿ. ಸುಮಾರು 14,000 ವರ್ಷ ಹಳೆಯದು. ಜೊತೆಗಿದ್ದ ದವಡೆಯನ್ನು ತೋಳದ್ದು ಎಂದುಕೊಂಡು ಎತ್ತಿಟ್ಟರು. ಅದು ನಾಯಿಯದು ಎಂದು ಯಾರಿಗಾದರೂ ಹೊಳೆಯುವ ಹೊತ್ತಿಗೆ 1970ರ ದಶಕ ಮುಗಿಯುತ್ತಿತ್ತು. ಆಮೇಲೆ ಮೈಟೋಕಾಂಡ್ರಿಯಾದ, ಅಂದರೆ ತಾಯಿಯಿಂದ ಮಾತ್ರ ಬರುವ, ಡಿಎನ್‌ಎ ಓದಿದರು. 2013ರಲ್ಲಿ ಬಂದ ಆ ಫಲಿತಾಂಶದಲ್ಲೂ ಅದು ಸೇರಿದ್ದು ನಾಯಿಗಳ ಗುಂಪಿಗೇ.

ಅದರ ಹಲ್ಲುಗಳು ಇನ್ನೊಂದು ಕಥೆ ಹೇಳುತ್ತವೆ. ಹಲ್ಲಿನ ಹೊರಪದರದಲ್ಲಿ ಅಡ್ಡ ಗೆರೆಗಳಿವೆ. ಹಲ್ಲು ಬೆಳೆಯುವಾಗ ಕಾಯಿಲೆ ಬಿದ್ದರೆ ಹಾಗೆ ಗೆರೆ ಮೂಡುತ್ತದೆ. ಮರಿಗೆ ಸುಮಾರು 19 ವಾರವಾದಾಗ ಡಿಸ್ಟೆಂಪರ್ ಎಂಬ ನಾಯಿಗಳ ವೈರಸ್ ರೋಗ ತಗುಲಿ, ಹಲವು ವಾರ ಮತ್ತೆ ಮತ್ತೆ ಕಾಡಿರಬೇಕು. ಅದು ಸತ್ತದ್ದು ಸುಮಾರು 28 ವಾರದ ವಯಸ್ಸಿಗೆ. ಡಿಸ್ಟೆಂಪರ್ ಬಂದ ಮರಿ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮೈ ಎಲ್ಲ ಹೊಲಸಾಗುತ್ತದೆ. ಯಾರೋ ನೀರು ಕುಡಿಸಿ, ಒರೆಸಿ, ಬೆಚ್ಚಗೆ ಮಲಗಿಸಿದ್ದರಿಂದಲೇ ಅದು ಅಷ್ಟು ದಿನ ಉಳಿದಿರಬೇಕು. ಬೇಟೆಗೆ ಕಿಂಚಿತ್ತೂ ಉಪಯೋಗವಿಲ್ಲದ ಮರಿಯದು. ನಾಯಿಯನ್ನು ಕೆಲಸಕ್ಕೆ ಮಾತ್ರ ಸಾಕಿದರು ಎನ್ನುವವರ ಮಾತನ್ನು ನಾನು ಇನ್ನು ಸುಲಭಕ್ಕೆ ಒಪ್ಪಲಾರೆ.

ಮರುದಿನ ಓಬರ್‌ಕಾಸೆಲ್‌ಗೂ ಹೋದೆ. ರೈನ್ ದಾಟಿದರೆ ಸ್ವಲ್ಪವೇ ದೂರ. ಕ್ವಾರಿ ಇದ್ದ ಗುಡ್ಡದ ತುಂಬ ಈಗ ಮರಗಳು. ಆ ಸಮಾಧಿಯ ಎಲುಬುಗಳನ್ನು ಇತ್ತೀಚೆಗೆ ಮತ್ತೆ ಒಂದೊಂದಾಗಿ ನೋಡಿದಾಗ ಬೇರೆಯೇ ನಾಯಿಯ ಒಂದು ದವಡೆಹಲ್ಲು ಸಿಕ್ಕಿದೆ. ಆ ಮರಿಗಿಂತ ವಯಸ್ಸಾದ, ಗಾತ್ರದಲ್ಲಿ ಚಿಕ್ಕದಾದ ನಾಯಿ. ಅಂದರೆ ಆ ಇಬ್ಬರ ಜೊತೆ ಮಣ್ಣು ಸೇರಿದ್ದು ಒಂದು ನಾಯಿಯಲ್ಲ, ಎರಡು.