ನೆಲದಡಿಯ ಹೊಂಗೆಮರ

ಕಳೆದ ಮುಂಗಾರಿನ ಒಂದು ಸಂಜೆ, ಬೆಂಗಳೂರಿನ ನಮ್ಮ ಕ್ಯಾಂಪಸ್ಸಿನಲ್ಲಿ ಮಳೆ ಹೊಯ್ದು ನಿಂತ ಮೇಲೆ, ನಾಲ್ಕು ಗಾಲಿಯ ರೋಬೋಟನ್ನು ಪ್ರಯೋಗಾಲಯದ ಹಿಂದಿನ ರಸ್ತೆಗೆ ಇಳಿಸಿದೆವು. ತಾವಾಗಿಯೇ ಚಲಿಸುವ ಯಂತ್ರಗಳಿಗೆ ಸುತ್ತಲಿನದನ್ನು ಗ್ರಹಿಸುವ ವ್ಯವಸ್ಥೆಯನ್ನು ರೂಪಿಸುವುದು ನನ್ನ ಸಂಶೋಧನೆ. ಒಣನೆಲದಲ್ಲಿ ತಕರಾರಿಲ್ಲದೆ ಓಡಾಡುವ ಈ ಯಂತ್ರ, ಡಾಂಬರು ಕಿತ್ತ ಗುಂಡಿಯಲ್ಲಿ ನಿಂತ ನೀರನ್ನು ಏನೆಂದು ತಿಳಿಯುತ್ತದೆ ಎಂಬುದನ್ನು ನೋಡಬೇಕಿತ್ತು.

"ಮೇಡಂ, ಇಲ್ಲಿ ನೋಡಿ, ಹೊಂಗೆಮರ ಪಾತಾಳಕ್ಕೆ ಇಳಿದಿದೆ" ಎಂದ, ಲ್ಯಾಪ್‌ಟಾಪ್ ಹಿಡಿದಿದ್ದ ವಿದ್ಯಾರ್ಥಿ. ಪರದೆಯ ಮೇಲೆ ರಸ್ತೆಯಂಚಿನ ಮರ ತನ್ನ ಜಾಗದಲ್ಲಿತ್ತು. ಅದರ ತಗ್ಗಿನ ಕೊಂಬೆಗಳ ಇನ್ನೊಂದು ಪ್ರತಿ ನೆಲದ ಕೆಳಗೆ ತಲೆಕೆಳಗಾಗಿ ತೂಗುತ್ತಿತ್ತು. ರೋಬೋಟಿನ ಕಣ್ಣಾದ ಲೈಡಾರ್ ಎಂಬ ಸಾಧನ ಲೇಸರ್ ಮಿಡಿತವನ್ನು ಹೊರಗೆ ಕಳಿಸಿ, ಅದು ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. 10 ಮೀಟರ್ ದೂರದ ವಸ್ತುವಿಗೆ ಹೋಗಿಬರಲು ಬೆಳಕಿಗೆ ಸುಮಾರು 67 ನ್ಯಾನೋಸೆಕೆಂಡು ಸಾಕು. ಆದರೆ ಕಿರಣ ನೇರವಾಗಿಯೇ ಹೋಗಿ ನೇರವಾಗಿಯೇ ಬಂತು ಎಂದು ಅದು ನಂಬಿಕೊಂಡಿರುವುದರಿಂದ, ನೀರಿಗೆ ತಾಗಿ ಮೇಲಕ್ಕೆ ಚಿಮ್ಮಿ, ಕೊಂಬೆಯನ್ನು ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗಿದ ಕಿರಣವನ್ನು ನೆಲದಡಿಯ ಬಿಂದುವೆಂದು ಗುರುತಿಸುತ್ತದೆ. ಮರವಿಲ್ಲದ ಕಡೆ ಕಿರಣ ಆಕಾಶಕ್ಕೆ ಹೋಗಿಬಿಡುತ್ತದೆ, ಉತ್ತರವೇ ಬರುವುದಿಲ್ಲ.

ಹೀಗೆ ಒಂದೇ ಗುಂಡಿಯ ಅರ್ಧ ಆಳವಾದ ಪ್ರಪಾತವಾಗಿಯೂ ಇನ್ನರ್ಧ ಬರಿದಾಗಿಯೂ ಕಂಡಿತು. ಇವೆರಡರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು. ಪ್ರಪಾತದ ಮುಂದೆ ರೋಬೋಟು ನಿಲ್ಲುತ್ತದೆ, ಸಮಯ ಹಾಳಾಗುತ್ತದೆ, ಅಷ್ಟೆ. ಉತ್ತರ ಬಾರದ ಜಾಗವನ್ನು ತೆರವೆಂದು ತಿಳಿದರೆ ನೇರ ನೀರಿಗೇ ಇಳಿಯುತ್ತದೆ. ರೋಬೋಟ್ ಸಂಶೋಧಕರಾದ ಹ್ಯಾನ್ಸ್ ಮೊರಾವೆಕ್ ಮತ್ತು ಆಲ್ಬರ್ಟೊ ಎಲ್ಫೆಸ್ 1985ರಲ್ಲಿ ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ) ಅಳತೆಗಳಿಂದ, ಜಾಗವನ್ನು ಚಿಕ್ಕ ಚೌಕಗಳಾಗಿ ಹಂಚಿ ತೋರಿಸುವ ಚೌಕಳಿ ನಕಾಶೆ ಕಟ್ಟುವ ವಿಧಾನವನ್ನು ಮುಂದಿಟ್ಟಾಗಲೇ ತೆರವು, ತುಂಬಿದ್ದು, ತಿಳಿಯದ್ದು ಎಂಬ ಮೂರು ಸ್ಥಿತಿಗಳನ್ನು ಬೇರೆಬೇರೆಯಾಗಿ ಇಟ್ಟಿದ್ದರು. ವೇಗದ ಆಸೆಗೆ ಮೂರನೆಯದನ್ನು ಮೊದಲನೆಯದರಲ್ಲಿ ಸೇರಿಸಿಬಿಡುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿ ಇನ್ನೂ ಇದೆ. ಚಾಲಕರಹಿತ ವಾಹನಗಳ ಗ್ರಹಿಕೆಯ ವಿಧಾನಗಳನ್ನು ಪರೀಕ್ಷಿಸಿ ಅಂಕ ಕೊಡಲು ಬಳಸುವ, 2012ರಲ್ಲಿ ಬಂದ ಕಿಟ್ಟಿ ದತ್ತಾಂಶ ಜರ್ಮನಿಯ ಕಾರ್ಲ್ಸ್‌ರೂಹೆ ಸುತ್ತಮುತ್ತ ಹಗಲಿನಲ್ಲಿ ಸಂಗ್ರಹಿಸಿದ್ದು. ಅಂಥ ರಸ್ತೆಗಳಲ್ಲಿ ಒಳ್ಳೆಯ ಅಂಕ ಪಡೆದ ವಿಧಾನ ನಮ್ಮ ಮಳೆಗಾಲಕ್ಕೂ ಒಗ್ಗುತ್ತದೆಂದು ಹೇಳುವ ಧೈರ್ಯ ನನಗಿಲ್ಲ.

ನೆಲದ ಮಟ್ಟಕ್ಕಿಂತ ಕೆಳಗಿನ ಬಿಂದುಗಳನ್ನೂ ಉತ್ತರವಿಲ್ಲದ ಕಿರಣಗಳನ್ನೂ "ತಿಳಿಯದು" ಎಂದು ಗುರುತಿಸಿ, ಅಲ್ಲಿ ವೇಗ ತಗ್ಗಿಸಿ ನಿಲ್ಲುವಂತೆ ಬದಲಾಯಿಸಿದೆವು. ಮುಂದಿನ ಮಳೆಯಲ್ಲಿ ರೋಬೋಟು ಗುಂಡಿಯ ಮುಂದೆ ಸರಿಯಾಗಿಯೇ ನಿಂತಿತು. ಆದರೆ ಬೆರಳು ಅದ್ದುವಷ್ಟೂ ನೀರಿಲ್ಲದ ಒದ್ದೆ ಡಾಂಬರಿನ ಮುಂದೆಯೂ ನಿಂತಿತು. ನೀರಿನಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಬಹುಮಟ್ಟಿಗೆ ಧ್ರುವೀಕೃತವಾಗಿರುವುದರಿಂದ, ಎಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ, ಅದನ್ನು ಅಳೆಯುವ ಕ್ಯಾಮೆರಾವನ್ನು ಈಗ ಜೋಡಿಸಿದ್ದೇವೆ. ನೀರು ಇದೆಯೆಂದು ಅದು ಹೇಳಬಲ್ಲದು. ಗುಂಡಿ ಎಷ್ಟು ಆಳವೆಂದು ಹೇಳಲಾರದು. ಹಾಗಾಗಿ ಸುತ್ತುಬಳಸಿ ಹೋಗಲು ದಾರಿಯಿದ್ದರೆ ಆ ದಾರಿಯನ್ನೇ ಆರಿಸಬೇಕೆಂದು ಬರೆದಿಟ್ಟಿದ್ದೇವೆ, ದಾರಿಯಿಲ್ಲದಿದ್ದರೆ ಏನು ಮಾಡಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.