ಕಾಣೆಗೆ ಹಗುರ ಸೀಸವೇ ಸರಿ

ನಿನ್ನೆ ಬೆಳಿಗ್ಗೆ ಅಳಿವೆಯಲ್ಲಿ ಮೂರು ತಾಸು ನಿಂತು ಏಳು ಕಾಣೆ ಮೀನು ಹಿಡಿದೆ. ಮೊದಲ ಎರಡು ತಾಸು ಒಂದೂ ಬೀಳಲಿಲ್ಲ, ಏಳೂ ಬಂದಿದ್ದು ಕೊನೆಯ ತಾಸಿನಲ್ಲಿ. ನಡುವೆ ನಾನು ಬದಲಾಯಿಸಿದ್ದು ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡು ಮಾತ್ರ.

ಗಾಳಿ ಜೋರಿತ್ತು, ಗಾಳ ದೂರ ಬೀಳಲಿ ಅಂತ 30 ಗ್ರಾಂ ಗುಂಡು ಕಟ್ಟಿದ್ದೆ. ದೂರವೇನೋ ಬಿತ್ತು, ಆದರೆ ಬಿದ್ದಲ್ಲೇ ಕೂತಿತು. ಬೆರಳಿಗೆ ಎರಡು ಸಲ ಸಣ್ಣ ಕುಟುಕು, ಆಮೇಲೆ ಏನೂ ಇಲ್ಲ. ಎಳೆದು ನೋಡಿದರೆ ಕೊಕ್ಕೆ ಬರಿದು. ಕಾಣೆಯ ಮೂತಿ ಚೂಪು, ಬಾಯಿ ಪುಟ್ಟದು. ಹುಳುವಿನ ತುದಿ ಕಚ್ಚಿ ಎಳೆಯುತ್ತದೆ, ಅತ್ತ ಭಾರ ತಗುಲಿತೋ, ಬಿಟ್ಟೇ ಬಿಡುತ್ತದೆ.

ಆಮೇಲೆ ಹಾಕಿದ್ದು 8 ಗ್ರಾಂನ ತೂತಿನ ಗುಂಡು, ದಾರ ಅದರೊಳಗೆ ಸರಾಗ ಜಾರುವಂಥದ್ದು. ಅದರ ಕೆಳಗೆ ಮೊಳದುದ್ದ ತೆಳು ದಾರ, ಉದ್ದ ಕಾಲಿನ ಸಣ್ಣ ಕೊಕ್ಕೆ, ಮರಳುಹುಳದ ಒಂದು ತುಂಡು. ಉಬ್ಬರ ಏರುತ್ತಿತ್ತು. ಸೆಳೆತಕ್ಕೆ ಗುಂಡು ತಳದ ಮೇಲೆ ಮೆಲ್ಲಗೆ ಉರುಳುತ್ತದೆ, ಉರುಳಿದಲ್ಲೆಲ್ಲ ಒಂದು ಚಿಟಿಕೆ ಮರಳು ಏಳುತ್ತದೆ. ಹುಳು, ಮರಿಸಿಗಡಿಗಳನ್ನು ಮರಳಿನಿಂದ ಕೆದಕಿ ತಿನ್ನುವ ಮೀನಿಗೆ ಅದಕ್ಕಿಂತ ದೊಡ್ಡ ಕರೆ ಬೇಕಿಲ್ಲ ಅಂತ ನನ್ನ ನಂಬಿಕೆ. ಕುಟುಕಿದ ಕೂಡಲೇ ಜಗ್ಗಬೇಡಿ. ದಾರ ಪಕ್ಕಕ್ಕೆ ಸರಿಯುವವರೆಗೆ ಉಸಿರು ಬಿಗಿಹಿಡಿದು ಕಾಯಿರಿ, ಆಮೇಲೆ ಮಣಿಕಟ್ಟು ಎತ್ತಿದರೆ ಸಾಕು.

ದೂರ ಎಸೆಯುವ ಹಟವೂ ಬೇಡ. ನಿನ್ನೆಯ ಏಳರಲ್ಲಿ ಐದು ಸಿಕ್ಕಿದ್ದು ದಡದಿಂದ ಹತ್ತು ಹೆಜ್ಜೆಯೊಳಗೆ. ನಾವು ಧಪಧಪನೆ ನೀರಿಗೆ ಇಳಿದು ಅವನ್ನು ದಾಟಿಯೇ ಮುಂದೆ ಹೋಗಿರುತ್ತೇವೆ. ಬೆದರಿದರೆ ಮರಳಿನೊಳಗೆ ಹೂತುಕೊಂಡು ನಿಜಕ್ಕೂ ಕಾಣೆಯಾಗುವ ಮೀನು ಇದು, ಬಲೆ ಮೇಲಿಂದ ಹಾದುಹೋದರೂ ಅಡಗಿಯೇ ಇರುತ್ತದೆ. ಇದರ ಸೋದರ ಜಾತಿಯೊಂದು ಕೆಂಪು ಸಮುದ್ರದಿಂದ ಸೂಯೆಜ್ ಕಾಲುವೆ ಹಾದು ಮೆಡಿಟರೇನಿಯನ್ ಸಮುದ್ರವನ್ನೂ ಸೇರಿಕೊಂಡಿದೆ, ಅಂಥ ಗಟ್ಟಿ ಬಳಗ.

ಏಳರಲ್ಲಿ ಒಂದು ತೀರಾ ಮರಿ, ನನ್ನ ನಡುಬೆರಳಿನಷ್ಟು. ಒಣಗೈಯಲ್ಲಿ ಹಿಡಿದರೆ ಹುರುಪೆ ಉದುರುತ್ತದೆ, ಅದಕ್ಕೆ ಕೈ ಒದ್ದೆ ಮಾಡಿಕೊಂಡೇ ಕೊಕ್ಕೆ ಬಿಡಿಸಿದೆ. ಮೊಣಕಾಲು ನೀರಿನಲ್ಲಿ ಬಗ್ಗಿ ಅಂಗೈ ತೆರೆದೆ. ಒಂದು ಗಳಿಗೆ ಅಲ್ಲೇ ನಿಂತು ಕಿವಿರು ಆಡಿಸಿತು, ಪಕ್ಕೆಯ ಬೆಳ್ಳಿಪಟ್ಟಿ ಬಿಸಿಲಿಗೆ ಮಿಂಚಿತು. ಮತ್ತೆ ನೋಡಿದರೆ ಕಾಲ ಬಳಿ ಮರಳಷ್ಟೇ.