ರಕ್ಷಣೆ ಹೊಂದಿದ ಮೇಲೂ ಉಳಿಯುವ ಹೋರಾಟ

ದೀಕ್ಷಾಸ್ನಾನ ಪಡೆದು ವರ್ಷಗಳು ಕಳೆದರೂ ಹಳೆಯ ಕೋಪ, ಹಳೆಯ ಅಸೂಯೆ ತಲೆಯೆತ್ತಿದಾಗ, ತಮಗೆ ನಿಜವಾಗಿಯೂ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಆಗಿದೆಯೇ ಎಂದು ಅನೇಕ ವಿಶ್ವಾಸಿಗಳು ಕಳವಳಪಡುತ್ತಾರೆ. ಅಂಥವರಿಗೆ ನಾನು ಮೊದಲು ತೋರಿಸುವುದು ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯವನ್ನು. ಬಯಸುವ ಒಳ್ಳೆಯದನ್ನು ಮಾಡದೆ ಬಯಸದ ಕೆಟ್ಟದ್ದನ್ನೇ ಮಾಡುತ್ತಿದ್ದೇನೆಂದು ಪೌಲನು ಅಲ್ಲಿ ನರಳುತ್ತಾನೆ. ಅದು ಕ್ರಿಸ್ತನನ್ನು ಅರಿಯುವ ಮುಂಚಿನ ಸ್ಥಿತಿಯೆಂದು ಹೇಳುವ ವ್ಯಾಖ್ಯಾನಕಾರರೂ ಇದ್ದಾರೆ. ಆದರೆ ದೇವರ ಧರ್ಮಶಾಸ್ತ್ರದಲ್ಲಿ ಅಂತರಂಗದಿಂದ ಆನಂದಿಸುತ್ತೇನೆಂಬ 22ನೆಯ ವಚನವನ್ನು ಓದುವಾಗ, ಮೊದಲು ಬೇರೆ ಅಭಿಪ್ರಾಯವಿದ್ದ ಪ್ರಾಚೀನ ಸಭೆಯ ವೇದಪಂಡಿತ ಅಗಸ್ಟೀನನು ಮುಂದೆ ಒಪ್ಪಿಕೊಂಡಂತೆ, ಇದು ವಿಶ್ವಾಸಿಯ ನರಳಾಟವೆಂದೇ ನನಗೂ ತೋರುತ್ತದೆ.

ವಿಶ್ವಾಸಿಯು ನೀತಿವಂತನೆಂಬ ದೇವರ ನಿರ್ಣಯವು ಒಂದೇ ಸಲಕ್ಕೆ ಸಂಪೂರ್ಣವಾಗಿ ದೊರೆಯುತ್ತದೆ. ಬಾಳು ಪವಿತ್ರವಾಗುತ್ತಾ ಹೋಗುವ ಶುದ್ಧೀಕರಣವಾದರೋ ಬದುಕಿನುದ್ದಕ್ಕೂ ಸಾಗುವಂಥದ್ದು. ಪಾಪದ ಆಳ್ವಿಕೆ ಮುರಿದಿದ್ದರೂ ಅದರ ಇರುವಿಕೆ ಇನ್ನೂ ಅಳಿದಿಲ್ಲವಾದ್ದರಿಂದ, ಶರೀರಭಾವವೆಂಬ ಪಾಪಸ್ವಭಾವವೂ ಪವಿತ್ರಾತ್ಮನೂ ಒಂದಕ್ಕೊಂದು ವಿರುದ್ಧವೆಂದು ಗಲಾತ್ಯದ ಸಭೆಗಳಿಗೂ ಪೌಲನು ಬರೆಯಬೇಕಾಯಿತು. ಮಗುವಿನ ಮೇಲೆ ರೇಗಿ ಹಿಂದೆ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದ ತಂದೆ ಈಗ ಅದರ ಬಳಿ ಕ್ಷಮೆ ಕೇಳದೆ ಮಲಗಲಾರನು. ಈ ಚಡಪಡಿಕೆಯನ್ನು ರಕ್ಷಣೆಯ ಕೊರತೆಯೆಂದು ಎಣಿಸುವುದು ದೊಡ್ಡ ತಪ್ಪು.

ಹಾಗೆಂದು ಇದು ಪಾಪಕ್ಕೆ ಕೊಟ್ಟ ರಿಯಾಯಿತಿಯಲ್ಲ. ನಮ್ಮಲ್ಲಿ ಪಾಪವಿಲ್ಲವೆನ್ನುವುದು ಆತ್ಮವಂಚನೆಯೆಂದೂ, ಅರಿಕೆ ಮಾಡಿದರೆ ದೇವರು ಕ್ಷಮಿಸಿ ಶುದ್ಧಿಮಾಡುವನೆಂದೂ ಅಪೊಸ್ತಲನಾದ ಯೋಹಾನನು ಬರೆದದ್ದು ಹೊರಗಿನವರಿಗಲ್ಲ, ವಿಶ್ವಾಸಿಗಳಿಗೇ.